ನದಿ ಪೆಟ್ಟಿಗೆ: ತಟ್ಟೆ ಗಟ್ಟಿ, ಮರಳು ಸಾಲದು, ಅವಸರ ಜಾಸ್ತಿ

ಶಾಲೆಗಳಿಗೆ ಪ್ರಯೋಗದ ಸಾಮಾನು ಒದಗಿಸುವ ಪುಣೆಯ ಅಂಗಡಿಯೊಂದು ಮಾರುವ ‘ನದಿ ಪೆಟ್ಟಿಗೆ’ಯ ವಿಮರ್ಶೆ ಇದು. ಐದರಿಂದ ಒಂಬತ್ತನೇ ಇಯತ್ತೆಯ ಮಕ್ಕಳಿಗೆ ನದಿ ದಂಡೆಯನ್ನು ಹೇಗೆ ಕೊರೆಯುತ್ತದೆ, ಹೂಳು ಎಲ್ಲಿ ಕೂರುತ್ತದೆ, ನದಿಯ ಆರೋಗ್ಯ ಅಂದರೇನು ಎಂದು ಕೈಯಾರೆ ಮಾಡಿಸಿ ಕಲಿಸುವುದು ಇದರ ಉದ್ದೇಶ. ಒಳಗಿರುವುದು: 120 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 10 ಸೆಂ.ಮೀ. ಆಳದ ಪ್ಲಾಸ್ಟಿಕ್ ತಟ್ಟೆ, 18 ವಾಟಿನ ಅಕ್ವೇರಿಯಂ ಪಂಪು, ಪೈಪು, 20 ಲೀಟರ್ ಬಕೆಟು, 10 ಕಿಲೋ ಮರಳು, ಒಂದಿಷ್ಟು ಆಟದ ಮನೆಗಳು, ಪ್ಲಾಸ್ಟಿಕ್ ಹುಲ್ಲಿನ ಚಾಪೆ, ಗೇಟು ಇರುವ ಅಣೆಕಟ್ಟಿನ ಹಲಗೆ, ‘ಆರೋಗ್ಯವಂತ ನದಿ’ ಎಂದು ಬರೆದ ಬೇರೆ ಪೊಟ್ಟಣ, ಒಂದು ಲ್ಯಾಮಿನೇಟ್ ಮಾಡಿದ ನಕಾಶೆ. ಕೈಪಿಡಿ ಇಂಗ್ಲಿಷ್ ಮತ್ತು ಮರಾಠಿಯಲ್ಲಿ ಮಾತ್ರ. ದರ ಬರೆಯುತ್ತಿಲ್ಲ, ಶಾಲೆಯ ಲೆಟರ್‌ಹೆಡ್ ತೋರಿಸಿದರೆ ಒಂದು, ತೋರಿಸದಿದ್ದರೆ ಇನ್ನೊಂದು, ಚೌಕಾಸಿ ಮಾಡಿದರೆ ಮತ್ತೊಂದು.

ಕೊಳ್ಳಬಹುದು. ಆದರೆ ಕೈಪಿಡಿ ಹೇಳಿದಂತೆ ನಡೆಸಬಾರದು. ಹಾಗೆ ನಡೆಸಿದರೆ ಐದು ನಿಮಿಷದಲ್ಲಿ ಒಂದು ಪ್ರವಾಹ, ಎರಡು ಮನೆ ಬೀಳುವುದು, ಮಕ್ಕಳ ಚಪ್ಪಾಳೆ, ಅಲ್ಲಿಗೆ ಪೀರಿಯಡ್ ಮುಗಿಯಿತು. ನದಿ ಹಾಗೆ ಕೆಲಸ ಮಾಡುವುದಿಲ್ಲ.

ಮೊದಲು ಮರಳಿನ ಲೆಕ್ಕ. ಒಣ ಮರಳು ಲೀಟರಿಗೆ ಸುಮಾರು 1.6 ಕಿಲೋ ತೂಗುತ್ತದೆ. ಅಂದಮೇಲೆ 10 ಕಿಲೋ ಅಂದರೆ ಆರು ಲೀಟರ್ ಚಿಲ್ಲರೆ. ಅದನ್ನು ಇಡೀ ತಟ್ಟೆಗೆ ಹರಡಿದರೆ ದಪ್ಪ 1.3 ಸೆಂ.ಮೀ. ಬಂದೀತು. ನೀರು ಬಿಟ್ಟ ಎರಡನೇ ನಿಮಿಷಕ್ಕೆ ತಳದ ಪ್ಲಾಸ್ಟಿಕ್ ಕಾಣುತ್ತದೆ. ತಳ ಸಿಕ್ಕ ಮೇಲೆ ಹೊಳೆ ಆಳಕ್ಕೆ ಕೊರೆಯಲಾರದೆ ಅಕ್ಕಪಕ್ಕಕ್ಕೆ ಹರಡಿ ಮರಳನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ, ಮಕ್ಕಳು ‘ನದಿ ಅಗಲವಾಗುತ್ತದೆ’ ಎಂದು ತಪ್ಪು ಬರೆದುಕೊಳ್ಳುತ್ತಾರೆ. ಕೆಳತುದಿಯ 30 ಸೆಂ.ಮೀ. ಖಾಲಿ ಬಿಟ್ಟು (ಅದೇ ನಿಮ್ಮ ಕೆರೆ ಅಥವಾ ಸಮುದ್ರ), ಉಳಿದ 90 ಸೆಂ.ಮೀ.ನಲ್ಲಿ 5 ಸೆಂ.ಮೀ. ದಪ್ಪಕ್ಕೆ ತುಂಬಬೇಕು. ಅದಕ್ಕೆ 18 ಲೀಟರ್, ಅಂದರೆ ಸುಮಾರು 29 ಕಿಲೋ ಬೇಕು. ಪೆಟ್ಟಿಗೆ ಕೊಡುವುದು ಅದರ ಮೂರನೇ ಒಂದು ಪಾಲು.

ಬಾಕಿ ಮರಳಿಗೆ ದೂರ ಹೋಗಬೇಕಿಲ್ಲ. ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಈಗ ಎಲ್ಲೆಡೆ ಬಳಸುವುದು ಕ್ರಶ್ ಸ್ಯಾಂಡ್, ದಖ್ಖನ್ನಿನ ಕರಿಕಲ್ಲನ್ನು ಒಡೆದು ಮಾಡಿದ್ದು. ಬಣ್ಣ ಕಡುಬೂದು. ನದಿಯ ಪಾಠಕ್ಕೆಂದು ನದಿಯ ಮರಳು ತರಿಸುವುದು ಹೇಗೂ ಚೆನ್ನಾಗಿರದು. ಆದರೆ ಕ್ರಶ್ ಸ್ಯಾಂಡಿನಲ್ಲಿ ಹಿಟ್ಟಿನಂಥ ಧೂಳು ಬಹಳ. ತೊಳೆಯದೆ ಹಾಕಿದರೆ ಪಂಪಿನ ಸ್ಪಂಜು ಹದಿನೈದು ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ. ಬಕೆಟಿನಲ್ಲಿ ಅರ್ಧ ಮರಳು ಹಾಕಿ, ನೀರು ತುಂಬಿ, ಕೈಯಿಂದ ಕಲಕಿ, ಹತ್ತು ಎಣಿಸಿ, ಮೇಲಿನ ರಾಡಿಯನ್ನು ಬಗ್ಗಿಸಿ. ಅಕ್ಕಿ ತೊಳೆದಂತೆಯೇ, ನಾಲ್ಕೈದು ಸಲ. ರಾಡಿಯನ್ನು ಮೋರಿಗೆ ಬಿಡದೆ ಗಿಡಗಳ ಬುಡಕ್ಕೆ ಹಾಕಿ. ಅದೇ ಹೂಳು ಶಾಲೆಯ ಪೈಪಿನಲ್ಲಿ ಕೂತರೆ ಸಿಪಾಯಿಯವರು ಮುಂದಿನ ವರ್ಷ ಪೆಟ್ಟಿಗೆ ತೆರೆಯಲು ಬಿಡುವುದಿಲ್ಲ. 4 ಮಿ.ಮೀ.ಗಿಂತ ದೊಡ್ಡ ಹರಳನ್ನು ಜರಡಿ ಹಿಡಿದು ತೆಗೆಯಿರಿ, ಆದರೆ ಪೂರ್ತಿ ಎಸೆಯಬೇಡಿ. ಒಂದು ಹಿಡಿ ಮತ್ತೆ ಬೆರೆಸಿದರೆ ಯಾವ ಕಾಳು ಮೊದಲು ನಿಲ್ಲುತ್ತದೆ, ಯಾವುದು ಕೆರೆಯವರೆಗೆ ಹೋಗುತ್ತದೆ ಎಂಬುದು ತಾನಾಗಿ ಕಾಣುತ್ತದೆ.

ತಟ್ಟೆ ಗಟ್ಟಿಯಾಗಿದೆ, ಅಂಚು ಮಡಿಚಿದೆ, ಸೋರುವುದಿಲ್ಲ. ಆದರೆ ನೆನೆದ ಮರಳು ಲೀಟರಿಗೆ ಎರಡು ಕಿಲೋ ಆಗುತ್ತದೆ. 36 ಕಿಲೋ ಭಾರಕ್ಕೆ ಎರಡು ತುದಿಗೆ ಮಾತ್ರ ಆಧಾರ ಕೊಟ್ಟ ತಟ್ಟೆ ನಡುವೆ ಜೋಲುತ್ತದೆ. ಜೋತ ಜಾಗದಲ್ಲಿ ನೀರು ನಿಂತು, ಕೆರೆ ಕೆಳತುದಿಯ ಬದಲು ಮಧ್ಯದಲ್ಲೇ ಹುಟ್ಟುತ್ತದೆ. 12 ಮಿ.ಮೀ. ಪ್ಲೈವುಡ್ಡಿನ ಹಲಗೆ ಕೆಳಗಿಡಿ. ಹಳೇ ಬೆಂಚಿನ ಮೇಲೆ ಬೇಡ, ನೆಲದ ಮೇಲೇ ಇಡಿ. ಮಕ್ಕಳು ಸುತ್ತ ಕೂತು ಮೇಲಿನಿಂದ ನೋಡಬಹುದು. ನದಿಯನ್ನು ಮೇಲಿನಿಂದ ನೋಡುವ ಅವಕಾಶ ಬೇರೆಲ್ಲಿ ಸಿಗಬೇಕು? ಆದರೆ ನೀರು ಹರಿದು ಬೀಳುವ ಬಕೆಟಿಗೆ ಜಾಗ ಬೇಕಲ್ಲ. ಅದಕ್ಕೆ ಒಂದು ಮೆಟ್ಟಿಲಿನ ಅಂಚು ಅಥವಾ ಜಗಲಿ ಸರಿಯಾಗುತ್ತದೆ.

ಇನ್ನು ಕೈಪಿಡಿಯ ದೊಡ್ಡ ತಪ್ಪಿಗೆ ಬರೋಣ. ‘ಮೇಲ್ತುದಿಗೆ ಒಂದು ಇಟ್ಟಿಗೆ ಇಟ್ಟು ಪಂಪು ಚಾಲೂ ಮಾಡಿ’ ಎಂದಿದೆ. ಇಟ್ಟಿಗೆ ಅಂದರೆ 9 ಸೆಂ.ಮೀ. ಅಂತಿಟ್ಟುಕೊಳ್ಳಿ. 120ಕ್ಕೆ 9 ಅಂದರೆ ಕಿಲೋಮೀಟರಿಗೆ 75 ಮೀಟರ್ ಇಳಿಜಾರು. ಅದು ಸಹ್ಯಾದ್ರಿಯ ಝರಿ, ಬಯಲಿನ ಭೀಮೆಯಲ್ಲ. ಪಂಪಿನ ಡಬ್ಬಿಯ ಮೇಲೆ ಗಂಟೆಗೆ 1000 ಲೀಟರ್ ಎಂದಿದೆ. ಸೆಕೆಂಡಿಗೆ 278 ಮಿ.ಲೀ. ಆಯಿತು. ಮೇಲೆತ್ತುವಾಗ ಸ್ವಲ್ಪ ಕಡಿಮೆಯಾದರೂ ಈ ತಟ್ಟೆಗೆ ಅದು ಮಹಾಪೂರವೇ. ಇಷ್ಟು ಇಳಿಜಾರು, ಇಷ್ಟು ನೀರು ಸೇರಿದರೆ ಹೊಳೆ ಬಾಣದಂತೆ ನೇರ ಕೊರೆದುಕೊಂಡು ಹೋಗುತ್ತದೆ. ತಿರುವಿಲ್ಲ, ದಿಬ್ಬವಿಲ್ಲ, ಕಲಿಯಲು ಏನೂ ಇಲ್ಲ.

ಬೇಕಾದ್ದು 2 ಸೆಂ.ಮೀ. ಎತ್ತರ, ಎರಡು ದಪ್ಪ ನೋಟ್‌ಬುಕ್ಕಿನಷ್ಟು. ಅದೂ ಅಸಲಿ ನದಿಗಿಂತ ಕಡಿದಾದದ್ದೇ, ಆದರೆ ಇಷ್ಟು ಚಿಕ್ಕ ಮಾದರಿಯಲ್ಲಿ ಮರಳು ಕದಲಬೇಕಾದರೆ ಅಷ್ಟು ಬೇಕು. ನೀರು ಸೆಕೆಂಡಿಗೆ 25 ಮಿ.ಲೀ.ನಿಂದ ಶುರು ಮಾಡಿ, ಹೆಚ್ಚೆಂದರೆ 50. ಪೆಟ್ಟಿಗೆಯಲ್ಲಿ ನಲ್ಲಿ ಕೊಟ್ಟಿಲ್ಲ, ಇದು ಜಿಪುಣತನ. ಹನಿ ನೀರಾವರಿಯ 16 ಮಿ.ಮೀ. ಪೈಪಿಗೆ ಹಾಕುವ ಚಿಕ್ಕ ಕಾಕ್ ತಂದು ಪಂಪಿನಿಂದ ಹೊರಬರುವ ಪೈಪಿಗೆ ಸೇರಿಸಿ. ಪೈಪಿನ ಅಳತೆ ಮೊದಲು ನೋಡಿಕೊಳ್ಳಿ. ಹೊರಬರುವ ಕಡೆ ಬಿಗಿದರೆ ಈ ಜಾತಿಯ ಪಂಪಿಗೆ ತೊಂದರೆಯಿಲ್ಲ, ಎಳೆದುಕೊಳ್ಳುವ ಕಡೆ ಮಾತ್ರ ಕಟ್ಟಬೇಡಿ. ಅಳತೆ ಮಕ್ಕಳೇ ಮಾಡಲಿ: ಲೀಟರ್ ಜಗ್ಗು 40 ಸೆಕೆಂಡಿನಲ್ಲಿ ತುಂಬಿದರೆ 25, 20 ಸೆಕೆಂಡಿನಲ್ಲಿ ತುಂಬಿದರೆ 50. ಮಳೆಗಾಲದಲ್ಲಿ ಪುಣೆಯ ಪತ್ರಿಕೆಗಳು ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಬಿಟ್ಟ ನೀರನ್ನು ಕ್ಯೂಸೆಕ್ಸಿನಲ್ಲಿ ಬರೆಯುತ್ತವಲ್ಲ, ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್. ಜಗ್ಗು ಹಿಡಿದು ಅಳೆದ ಹುಡುಗನಿಗೆ ಆಮೇಲೆ ಆ ಸಂಖ್ಯೆ ಬರೀ ಸಂಖ್ಯೆಯಾಗಿ ಉಳಿಯುವುದಿಲ್ಲ.

ನೀರು ಬಿಡುವ ಮೊದಲು ಮರಳನ್ನು ಪೂರ್ತಿ ನೆನೆಸಿ, 20 ನಿಮಿಷ ಬಿಡಿ. ಒಣ ಮರಳು ನೀರನ್ನೆಲ್ಲ ಕುಡಿದುಬಿಡುತ್ತದೆ, ಹೊಳೆಯೇ ಹರಿಯದು. ಬರೀ ತೇವದ ಮರಳು ಇನ್ನೂ ಮೋಸ: ಕಾಳುಗಳ ನಡುವಿನ ತೆಳು ನೀರು ಅಂಟಿನಂತೆ ಹಿಡಿದು ದಂಡೆ ಗೋಡೆಯ ಹಾಗೆ ನಿಲ್ಲುತ್ತದೆ, ಪೂರ್ತಿ ನೆನೆದ ಕ್ಷಣ ದಬಕ್ಕನೆ ಕುಸಿಯುತ್ತದೆ. ಪೈಪಿನ ನೀರು ನೇರ ಮರಳಿಗೆ ಬಿದ್ದರೆ ಅಲ್ಲೊಂದು ಬಾವಿ ತೋಡುತ್ತದೆ. ಕೆಳಗೆ ಶಹಾಬಾದಿ ಫರಶಿಯ ಚೂರು ಇಡಿ. ಪುಣೆಯ ಹಳೇ ಅಂಗಳಗಳಲ್ಲಿ ಬೇಕಾದಷ್ಟು ಬಿದ್ದಿರುತ್ತದೆ, ನಮ್ಮ ಕಲಬುರಗಿ ಕಡೆಯ ಕಲ್ಲೇ.

ಈಗ ಬೆರಳಿನಿಂದ, ಒಂದು ಸೆಂ.ಮೀ. ಆಳಕ್ಕೆ, ಹಾವಿನ ನಡೆಯ ಕಾಲುವೆ ಎಳೆಯಿರಿ. ಎರಡು ತಿರುವು ಸಾಕು. ಎರಡೂ ದಂಡೆಯಲ್ಲಿ 5 ಸೆಂ.ಮೀ.ಗೊಂದು ಬೆಂಕಿಕಡ್ಡಿ ನೆಡಿಸಿ. ಮೊದಲ ತಿರುವಿನ ಹೊರದಂಡೆಯ ಮೇಲೆ ಒಂದು ಚಮಚ ಬಿಳಿ ರಂಗೋಲಿ ಪುಡಿ ಸುರಿಯಿರಿ. ಕಪ್ಪು ಕ್ರಶ್ ಸ್ಯಾಂಡಿನ ಮೇಲೆ ಬಿಳಿ ರಂಗೋಲಿ. ಇಷ್ಟು ಚೆನ್ನಾಗಿ ಕಾಣುವ ಜೋಡಿ ವಿದೇಶೀ ಪೆಟ್ಟಿಗೆಯಲ್ಲೂ ಸಿಗದು. ಬಣ್ಣದ ರಂಗೋಲಿ ಬೇಡ, ನೀರಿನಲ್ಲಿ ಬಣ್ಣ ಬಿಟ್ಟು ಎಲ್ಲ ಕಲಸಿಹೋಗುತ್ತದೆ. 25 ಮಿ.ಲೀ. ನೀರು, ಹತ್ತು ನಿಮಿಷ, ಯಾರೂ ಕೈ ಹಾಕುವಂತಿಲ್ಲ. ಮೊದಲ ಮೂರು ನಿಮಿಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ಹೊರದಂಡೆಯ ಕಡ್ಡಿಗಳು ಒಂದೊಂದಾಗಿ ವಾಲುತ್ತವೆ. ಬಿಳಿ ಪುಡಿ ಕೆಳಗೆ ಸಾಗಿ, ಬಹುತೇಕ ಮುಂದಿನ ತಿರುವಿನ ಒಳದಂಡೆಯಲ್ಲಿ, ಅಂದರೆ ತಾನು ಹೊರಟ ಬದಿಯಲ್ಲೇ, ಅರ್ಧಚಂದ್ರದ ಹಾಗೆ ಕೂರುತ್ತದೆ. ಒಬ್ಬರ ಹೊಲ ಕೊಚ್ಚಿಹೋದ ಮಣ್ಣು ಕೆಳಗಿನವರ ದಡದಲ್ಲಿ ಮೆಕ್ಕಲಾಗುವುದು ಹೀಗೇ. ಪಂಪು ನಿಲ್ಲಿಸಿದ ಮೇಲೂ ಇನ್ನೆರಡು ನಿಮಿಷ ನೋಡಲು ಹೇಳಿ. ಮಳೆ ನಿಂತರೂ ಮರದ ಹನಿ ನಿಲ್ಲದು ಅನ್ನುವಂತೆ, ಹೊಳೆ ಇಳಿದ ಮೇಲೂ ದಂಡೆಯೊಳಗಿನ ನೀರು ಬಸಿಯುತ್ತ ಇನ್ನಷ್ಟು ಮಣ್ಣು ಜಾರುತ್ತದೆ. ಕೈಪಿಡಿಯಲ್ಲಿ ಇದರ ಮಾತೇ ಇಲ್ಲ.

ಹೊರಗೆ ಕೊರೆದು ಒಳಗೆ ಕೂರಿಸುವುದೇಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಪಾರದರ್ಶಕ ಲೋಟದಲ್ಲಿ ನೀರು, ಅದಕ್ಕೆ ಒಂದು ಚಿಟಿಕೆ ದಪ್ಪ ಎಲೆಯ ಚಹಾ. ಎಲೆ ನೆನೆದು ತಳಕ್ಕಿಳಿದ ಮೇಲೆ ಚಮಚದಿಂದ ಗರಗರ ತಿರುಗಿಸಿ ಬಿಡಿ. ಎಲೆಗಳು ಅಂಚಿಗೆ ಹೋಗದೆ ತಳದ ನಡುವಿನಲ್ಲಿ ಗುಂಪಾಗುತ್ತವೆ. ತಳಕ್ಕೆ ತಾಗಿದ ನೀರಿನ ವೇಗ ತಗ್ಗಿ, ಅಲ್ಲಿ ಹರಿವು ಒಳಮುಖವಾಗುವುದೇ ಕಾರಣ. ನದಿಯ ತಿರುವಿನಲ್ಲೂ ಅದೇ: ಮೇಲಿನ ವೇಗದ ನೀರು ಹೊರದಂಡೆಗೆ, ತಳದ ನೀರು ಮರಳು ಹೊತ್ತು ಒಳದಂಡೆಗೆ. ಈ ಚಹಾ ಎಲೆಯ ದಾರಿಯಿಂದಲೇ ಐನ್‌ಸ್ಟೈನ್ 1926ರಲ್ಲಿ ನದಿಯ ಅಂಕುಡೊಂಕನ್ನು ವಿವರಿಸಿದ್ದರು. ಹೋಟೆಲಿನ ಡಸ್ಟ್ ಚಹಾ ಈ ಕೆಲಸಕ್ಕೆ ಬಾರದು, ಪುಡಿ ತೀರ ಸಣ್ಣದು.

ಎರಡನೇ ಸುತ್ತು ಗೋಡೆಯದು. ಕೊರೆತ ಕಂಡ ಹೊರದಂಡೆಗೆ 15 ಸೆಂ.ಮೀ. ಉದ್ದಕ್ಕೆ ಟೈಲ್ಸಿನ ಪಟ್ಟಿ ನಿಲ್ಲಿಸಿ, ಅರ್ಧಕ್ಕಿಂತ ಹೆಚ್ಚು ಮರಳಿನೊಳಗೆ ಹೂತಿರಲಿ. ಗೋಡೆಯ ಹಿಂದಿನ ಕಡ್ಡಿಗಳು ಅಲುಗುವುದಿಲ್ಲ, ನಿಜ. ಆದರೆ ಗೋಡೆ ಮುಗಿದ ಜಾಗದಿಂದ ಒಂದು ಅಂಗೈ ಕೆಳಗೆ ದಂಡೆ ಮೊದಲಿಗಿಂತ ಜೋರಾಗಿ ತಿನ್ನುತ್ತ ಹೋಗುತ್ತದೆ. ಗೋಡೆಯ ಬುಡದಲ್ಲೂ ಗುಂಡಿ ಬಿದ್ದು, ಸಾಕಷ್ಟು ಹೂಳದಿದ್ದರೆ ಟೈಲ್ಸೇ ನದಿಗೆ ಬೀಳುತ್ತದೆ. ಪುಣೆಯ ಮುಳಾ-ಮುಠಾ ನದಿಗಳ ದಂಡೆಗೆ ಕಲ್ಲು, ಕಾಂಕ್ರೀಟು ಬೇಕೇ ಬೇಡವೇ ಎಂಬ ಚರ್ಚೆ ಊರಲ್ಲಿ ನಡೆದೇ ಇದೆ. ಮಕ್ಕಳಿಗೆ ಉತ್ತರ ಹೇಳಿಕೊಡಬೇಕಿಲ್ಲ, ಬಿದ್ದ ಕಡ್ಡಿಗಳನ್ನು ಗೋಡೆಯ ಮೊದಲು, ಗೋಡೆಯ ಹಿಂದೆ, ಗೋಡೆಯ ನಂತರ ಎಂದು ಮೂರು ಖಾನೆಯಲ್ಲಿ ಎಣಿಸಿದರೆ ಸಾಕು.

ಮೂರನೆಯದು ಬೇರಿನದು. ಪೆಟ್ಟಿಗೆಯ ಅತಿ ಕಳಪೆ ವಸ್ತು ಇಲ್ಲೇ ಇದೆ: ಪ್ಲಾಸ್ಟಿಕ್ ಹುಲ್ಲಿನ ಚಾಪೆ. ದಂಡೆಯ ಮೇಲೆ ಹಾಸಿದರೆ ನೀರು ಅದರಡಿಗೆ ನುಗ್ಗಿ ಮರಳನ್ನು ಕಳ್ಳನಂತೆ ಹೊರಗೊಯ್ಯುತ್ತದೆ, ಚಾಪೆ ಸೇತುವೆಯಂತೆ ಮೇಲೆ ಉಳಿಯುತ್ತದೆ. ಹುಲ್ಲು ದಂಡೆ ಉಳಿಸುವುದು ಹಸಿರಿನಿಂದಲ್ಲವಲ್ಲ, ಬೇರಿನಿಂದ. ತರಗತಿಗೆ ಏಳು ದಿನ ಮೊದಲು ಒಂದೇ ದಂಡೆಗೆ ರಾಗಿ ಅಥವಾ ಸಾಸಿವೆ ಚೆಲ್ಲಿ, ಬೆರಳ ಅಗಲಕ್ಕೆ ಎಂಟು-ಹತ್ತು ಕಾಳು ಬೀಳುವಷ್ಟು ಒತ್ತಾಗಿ. ಮೇಲೆ ತೆಳುವಾಗಿ ಕೋಕೊಪೀಟ್ (ತೆಂಗಿನ ನಾರಿನ ಪುಡಿ), ದಿನಕ್ಕೆರಡು ಸಲ ನೀರು ಚಿಮುಕಿಸಿ. ರಾಗಿಯ ಬೇರು ಜಾಲದಂತೆ ಹರಡುವುದರಿಂದ ಮೆಂತ್ಯಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಇನ್ನೊಂದು ದಂಡೆ ಬೋಳಾಗಿರಲಿ. ಅದೇ 25 ಮಿ.ಲೀ., ಅದೇ ಹತ್ತು ನಿಮಿಷ, ಕಡ್ಡಿ ಎಣಿಕೆ. ಬರೀ ಮರಳಿನ ತಟ್ಟೆಯಲ್ಲಿ ತಿರುವುಗಳು ಹೆಚ್ಚು ಹೊತ್ತು ಉಳಿಯದೆ ಹೊಳೆ ಹಲವು ಎಳೆಗಳಾಗಿ ಸೀಳುತ್ತದೆ, ಇದು ಪೆಟ್ಟಿಗೆಯ ದೋಷವಲ್ಲ. ದಂಡೆಗೆ ಹಿಡಿತ ಬೇಕು. ತಿರುವು ಕಾಪಾಡಿಕೊಳ್ಳುವ ನದಿಯನ್ನು ಪ್ರಯೋಗಶಾಲೆಯಲ್ಲಿ ಮಾಡಿ 2009ರಲ್ಲಿ ಪ್ರಕಟಿಸಿದ ಬರ್ಕ್ಲಿಯ ಸಂಶೋಧಕರೂ ಕುದುರೆಮಸಾಲೆ ಎಂಬ ಮೇವಿನ ಗಿಡದ ಮೊಳಕೆ ಬೆಳೆಸಿಯೇ ಸಾಧಿಸಿದ್ದು. ಏಳು ದಿನ ತಟ್ಟೆ ತೆರೆದಿಡುವಾಗ ನೀರು ನಿಲ್ಲದಂತೆ ನೋಡಿಕೊಳ್ಳಿ. ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆಯವರೆಗೆ ಒಂದು ವಾರ ಸಾಕು.

ಅಣೆಕಟ್ಟಿನ ಹಲಗೆ ಚೆನ್ನಾಗಿದೆ, ಗೇಟು ಸಲೀಸಾಗಿ ಜಾರುತ್ತದೆ. ಹಲಗೆಯ ಹಿಂದೆ ಹೂಳು ಕೂರುವುದು, ಮುಂದೆ ತಿಳಿನೀರು ಹಸಿದಂತೆ ತಳ ಕೊರೆಯುವುದು ಎರಡೂ ಕಾಣುತ್ತವೆ. ಹಲಗೆ ತೆಗೆದು ಬರೀ ಮರಳಿನ ಒಡ್ಡು ಕಟ್ಟಿ, ನೀರು ಮೇಲೇರಿ ಹರಿಯುವಂತೆ ಮಾಡಿದರೆ ಒಡ್ಡು ಹೇಗೆ ಕ್ಷಣದಲ್ಲಿ ಒಡೆಯುತ್ತದೆ ಎಂಬುದೂ ಕಾಣುತ್ತದೆ. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದ ಕತೆ ಪುಣೆಯ ಯಾವ ಅಜ್ಜ-ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ.

‘ಆರೋಗ್ಯವಂತ ನದಿ’ ಪೊಟ್ಟಣಕ್ಕೆ ದುಡ್ಡು ದಂಡ. ಅದರಲ್ಲಿ ನೀರು ಆಮ್ಲವೋ ಕ್ಷಾರವೋ ಎಂದು ತೋರಿಸುವ ಪಿಎಚ್ ಪಟ್ಟಿ ಇದೆ, ಆದರೆ ಚರಂಡಿ ನೀರಿನ ಪಿಎಚ್ ಕೂಡ ಸಾಮಾನ್ಯವಾಗಿ 7ರ ಆಸುಪಾಸಿನಲ್ಲೇ ಇರುತ್ತದೆ. ನಲ್ಲಿ ನೀರು, ಮುಠೆಯ ನೀರು ಎರಡರ ಪಟ್ಟಿಯೂ ಒಂದೇ ಬಣ್ಣಕ್ಕೆ ತಿರುಗಿದಾಗ ಮಕ್ಕಳು ‘ಹಾಗಾದರೆ ನದಿ ಚೆನ್ನಾಗಿದೆ’ ಅನ್ನುತ್ತಾರೆ. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಮಾತ್ರೆಗಳು ಒಳ್ಳೆಯ ಯೋಚನೆಯೇ, ಆದರೆ ಬಣ್ಣದ ಚೀಟಿಯಲ್ಲಿ ಲೀಟರಿಗೆ 0, 4, 8 ಮಿಲಿಗ್ರಾಂ ಎಂಬ ಮೂರೇ ಮೆಟ್ಟಿಲು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡದಂತೆ ನದಿಸ್ನಾನಕ್ಕೆ ಕನಿಷ್ಠ 5, ಮೀನು-ಜಲಚರಗಳಿಗೆ ಕನಿಷ್ಠ 4 ಬೇಕು. ಈ ಎರಡರ ನಡುವಿನ ವ್ಯತ್ಯಾಸವನ್ನು ಈ ಚೀಟಿ ತೋರಿಸಲಾರದು. ಸೀಸೆಯಲ್ಲಿ ತಂದು ಮರುದಿನ ಪರೀಕ್ಷಿಸುವುದಂತೂ ಬೇಡ. ಸೀಸೆಯನ್ನು ನೀರೊಳಗೇ ಮುಳುಗಿಸಿ, ಗುಳ್ಳೆ ಉಳಿಯದಂತೆ ಮುಚ್ಚಿ, ಅಲ್ಲೇ ಮಾತ್ರೆ ಹಾಕಬೇಕು. ಜಲಕೀಟಗಳ ಚಿತ್ರದ ಕಾರ್ಡುಗಳು ಚಂದ ಇವೆ, ಆದರೆ ಯಾವುದೋ ತಂಪು ದೇಶದ ತೊರೆಯಿಂದ ಎತ್ತಿದ ಹಾಗಿವೆ. ಇಲ್ಲಿಗೆ ಬೇಕಾದ್ದು ಏರೋಪ್ಲೇನ್ ಚಿಟ್ಟೆಯ ಮರಿ, ನೀರ ಮೇಲೆ ಓಡುವ ಕೀಟ, ಕೊಳಕು ಕೆಸರಿನಲ್ಲಿ ಉಳಿಯುವ ಕೆಂಪು ಹುಳು, ಮತ್ತು ಇಲ್ಲಿನವರು ಜಲಪರ್ಣಿ ಅನ್ನುವ ಆ ನೇರಳೆ ಹೂವಿನ ಕಳೆ.

ಪೊಟ್ಟಣದ ಇನ್ನೂ ದೊಡ್ಡ ಕೊರತೆ, ಸವಕಳಿಯನ್ನೂ ನದಿಯ ಆರೋಗ್ಯವನ್ನೂ ಎರಡು ಬೇರೆ ಪಾಠ ಮಾಡಿರುವುದು. ಕೊಚ್ಚಿಬಂದ ಹೂಳೇ ನೀರನ್ನು ಮಬ್ಬು ಮಾಡಿ ಬೆಳಕು ತಡೆಯುತ್ತದೆ, ಕಲ್ಲುಗಳ ಸಂದಿ ಮುಚ್ಚಿ ಮರಿಕೀಟಗಳ ಮನೆ ಕೆಡಿಸುತ್ತದೆ. ಇದನ್ನು ತಟ್ಟೆಯಲ್ಲೇ ತೋರಿಸಬಹುದು. ಒಂದು ಮೀಟರ್ ಪಾರದರ್ಶಕ ಪೈಪಿನ ತಳಕ್ಕೆ ಬಿರಡೆ ಬಿಗಿದು, ಅದರ ಮೇಲೆ ಕಪ್ಪು-ಬಿಳಿ ನಾಲ್ಕು ಹೋಳಿನ ಬಿಲ್ಲೆ ಅಂಟಿಸಿ. ಬೋಳು ದಂಡೆಯ ಮೇಲೆ ಎರಡು ಹಿಡಿ ಎರೆಮಣ್ಣು ಹರಡಿ ಎರಡನೇ ನಿಮಿಷದಲ್ಲಿ ಕೆಳತುದಿಯ ನೀರು ಹಿಡಿಯಿರಿ. ರಾಗಿ ಬೆಳೆದ ದಂಡೆಗೂ ಅಷ್ಟೇ ಮಣ್ಣು ಹಾಕಿ ಇನ್ನೊಮ್ಮೆ ಹಿಡಿಯಿರಿ. ಬಿಲ್ಲೆ ಮರೆಯಾಗುವವರೆಗೆ ಪೈಪಿಗೆ ಸುರಿದು, ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಬರೆಯಿಸಿ. ಪ್ರತಿ ಸಲವೂ ಬಕೆಟಿನಲ್ಲಿ ಹೊಸ ನೀರು ಇರಬೇಕು, ಇಲ್ಲದಿದ್ದರೆ ಹಿಂದಿನ ಸುತ್ತಿನ ಕೆಸರೇ ಪಂಪಿನಿಂದ ಮತ್ತೆ ಬಂದು ಲೆಕ್ಕ ಕೆಡುತ್ತದೆ.

ನಕಾಶೆ ಮುಳಾ-ಮುಠಾ ಸಂಗಮಕ್ಕೇ ನಿಂತುಬಿಟ್ಟಿದೆ. ಕನ್ನಡ ಮಾಧ್ಯಮದ ಶಾಲೆಯಲ್ಲಾದರೆ, ಭಾನುವಾರದ ಕನ್ನಡ ತರಗತಿಯಲ್ಲಾದರೆ, ಕೆಳಗೆ ಒಂದು ಹಾಳೆ ಅಂಟಿಸಿ ಮುಂದುವರಿಸಿ: ಮುಳಾ-ಮುಠಾ ಭೀಮೆಗೆ, ಭೀಮೆ ಉಜನಿ ಅಣೆಕಟ್ಟಿಗೆ, ಪಂಢರಪುರದಲ್ಲಿ ಚಂದ್ರಭಾಗೆಯಾಗಿ, ವಿಜಯಪುರದ ಗಡಿ ಸವರಿ, ಅಫಜಲಪುರ, ಗಾಣಗಾಪುರ, ಯಾದಗಿರಿ ದಾಟಿ ರಾಯಚೂರಿನ ಕಡೆ ಕೃಷ್ಣೆಗೆ. ಅಜ್ಜಿಯ ಊರು ಆ ಸಾಲಿನಲ್ಲಿರುವ ಮಕ್ಕಳು ತರಗತಿಗೆ ನಾಲ್ಕೈದು ಸಿಕ್ಕೇ ಸಿಗುತ್ತಾರೆ. ಕೊರೆತ, ಹೂಳು, ಮಡು, ಹಳ್ಳ, ಒಡ್ಡು, ಮೆಕ್ಕಲು – ಕೈಪಿಡಿಯ ಮರಾಠಿಯನ್ನು ಅನುವಾದಿಸುತ್ತ ಕೂರುವ ಬದಲು ಆ ಮಕ್ಕಳ ಮನೆಯ ಮಾತನ್ನೇ ಹಲಗೆಯ ಮೇಲೆ ಬರೆಯಿರಿ.

ಪಂಪು 230 ವೋಲ್ಟಿನದು, ತಂತಿ ಒಂದೇ ಮೀಟರು. ಒದ್ದೆ ಕೈ, ಒದ್ದೆ ನೆಲ, ಎಕ್ಸ್‌ಟೆನ್ಶನ್ ಬೋರ್ಡು ಮೂರೂ ಸೇರುವುದು ಅಪಾಯ. 30 ಮಿಲಿಆಂಪ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನಾಗಿ ಆರಿಸುವ ಸ್ವಿಚ್ಚು) ಇರುವ ಪಾಯಿಂಟಿನಲ್ಲಿ ಮಾತ್ರ ಹಾಕಿ. ಇಲ್ಲವಾದರೆ ಪಂಪು ಬಿಟ್ಟು, ಸ್ಟೂಲಿನ ಮೇಲೆ ನಲ್ಲಿ ಇರುವ ಬಕೆಟು ಇಡಿ. 20 ಲೀಟರ್ ನೀರು 25 ಮಿ.ಲೀ. ದರದಲ್ಲಿ 13 ನಿಮಿಷ ಬರುತ್ತದೆ, ಒಂದು ಸುತ್ತಿಗೆ ಸಾಕು. ಬಕೆಟು ಖಾಲಿಯಾದಂತೆ ಧಾರೆ ಸಣ್ಣದಾಗುತ್ತದೆ, ಮೇಲಿನಿಂದ ಚೊಂಬಿನಲ್ಲಿ ತುಂಬುವ ಕೆಲಸಕ್ಕೆ ಒಬ್ಬರನ್ನು ನಿಲ್ಲಿಸಿ. ತಟ್ಟೆಯ ಸುತ್ತ ಎಂಟಕ್ಕಿಂತ ಹೆಚ್ಚು ಮಕ್ಕಳು ಬೇಡ. 40 ಮಂದಿಯ ತರಗತಿಯನ್ನು ಚಹಾ ಲೋಟ, ಮಬ್ಬಿನ ಪೈಪು, ನಕಾಶೆ, ಜಗ್ಗಿನ ಲೆಕ್ಕ ಎಂದು ಹಂಚಿ ಸರದಿ ಮಾಡಿ. ಹೆಚ್ಚುವರಿ ಹಣಕ್ಕೆ ಅಂಗಡಿಯವರು ಕಳಿಸುವ ತರಬೇತುದಾರರು ಎಲ್ಲವನ್ನೂ ತಾವೇ ಮಾಡಿ ತೋರಿಸುತ್ತಾರೆ, ಮಕ್ಕಳ ಕೈ ಒಣಗೇ ಇರುತ್ತದೆ. ಆ ಹಣ ಉಳಿಸಿ.

ಹೊರಗೆ ಕರೆದೊಯ್ಯುವುದಾದರೆ ನಗರದೊಳಗಿನ ಮುಠೆಗೆ ಇಳಿಸಬೇಡಿ. ಚರಂಡಿ ನೀರು, ಇಲಿಜ್ವರ, ಒಡೆದ ಗಾಜು ಎಲ್ಲ ಇದೆ. ಮಳೆಗಾಲದಲ್ಲಿ ಮೇಲಿನಿಂದ ನೀರು ಬಿಟ್ಟರೆ ಭಿಡೆ ಸೇತುವೆಯೇ ಮುಳುಗುತ್ತದೆ. ಎತ್ತರದ ಸೇತುವೆಯ ಮೇಲಿನಿಂದ, ಚಳಿಗಾಲದಲ್ಲಿ, ಯಾವ ದಂಡೆ ಕೊರೆದಿದೆ, ಯಾವ ಕಡೆ ದಿಬ್ಬ ಕೂತಿದೆ ಎಂದು ಚಿತ್ರ ಬರೆಸುವುದು ಸಾಕು.

ಮುಗಿದ ಮೇಲೆ ಪಂಪನ್ನು ಎರಡು ನಿಮಿಷ ಶುದ್ಧ ನೀರಿನಲ್ಲಿ ಓಡಿಸಿ, ಮುಂದಿನ ಮುಚ್ಚಳ ಬಿಚ್ಚಿ ಚಕ್ರಕ್ಕೆ ಅಂಟಿದ ಕಾಳುಗಳನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಕ್ರಶ್ ಸ್ಯಾಂಡಿನ ಕಾಳು ಮೊನಚು, ಒಳಗೆ ಉಳಿದರೆ ಪಂಪು ಗೊರಗೊರ ಅಂದು ಶಾಲೆಯ ಒಂದೇ ಟರ್ಮಿನಲ್ಲಿ ಕೈಕೊಡುತ್ತದೆ. ಇನ್ನು ಖರೀದಿಯ ಹೊತ್ತಿಗೆ 10 ಕಿಲೋ ಮರಳಿನ ಚೀಲ, ಹುಲ್ಲಿನ ಚಾಪೆ ಎರಡೂ ಬೇಡವೆಂದು ಮೊದಲೇ ಹೇಳಿ, ಬದಲಿಗೆ ಪಂಪಿನ ಇನ್ನೆರಡು ಸ್ಪಂಜು ಕೇಳಿ ನೋಡಿ.